ಹಿಟ್ಟಿನ ಕೋಳಿಯ ಕೂಗು

ಜನ್ನ ಕವಿಯ ‘ಯಶೋಧರ ಚರಿತೆ’ಯನ್ನು ನಾವು ಮೊದಲು ಓದಿದ್ದು ಬಿ.ಎ. ತರಗತಿಯಲ್ಲಿ, ಪರೀಕ್ಷೆಗಾಗಿ. ಅನಂತರ ಮೂವತ್ತು ವರ್ಷಗಳಿಗೂ ಮಿಕ್ಕಿ ಗಡಿಭಾಗದ ಕನ್ನಡ ಶಾಲೆಗಳಲ್ಲಿ ಅದರ ಕಥೆಯನ್ನು ಮಕ್ಕಳಿಗೆ ಹೇಳಿದೆವು. ನಿವೃತ್ತರಾದ ಮೇಲೆ ಬಿಡುವಾಗಿ ಕುಳಿತು ಮತ್ತೆ ಓದಿದಾಗ, ಅಷ್ಟು ವರ್ಷ ನಾವು ಹೇಳಿದ್ದು ಕಾವ್ಯದ ಅರ್ಧವನ್ನು ಮಾತ್ರ ಎಂಬುದು ಅರಿವಿಗೆ ಬಂದಿತು. ಪ್ರಾಣಿಯನ್ನು ಕೊಲ್ಲಬಾರದು, ಕೊಲ್ಲುವ ಸಂಕಲ್ಪವನ್ನೂ ಮಾಡಬಾರದು ಎಂಬ ಅರ್ಧವನ್ನು ಹೇಳಿದ್ದೆವು. ಈ ಮಾತನ್ನು ಒಪ್ಪದವನೊಡನೆ ಹೇಗೆ ಮಾತನಾಡಬೇಕು ಎಂಬ ಉಳಿದರ್ಧವನ್ನು ನಾವೇ ಗಮನಿಸಿರಲಿಲ್ಲ. ಸಮ್ಮೇಳನದ ಈ ಸಂಚಿಕೆಯಲ್ಲಿ ಆ ಉಳಿದರ್ಧವನ್ನು ಕುರಿತು ನಾಲ್ಕು ಮಾತು ಬರೆಯಲು ಬಯಸುತ್ತೇವೆ.

ಲಿಂಗನೂರಿನಂಥ ಊರಿನಲ್ಲಿ ಇದು ಕೇವಲ ಪುಸ್ತಕದ ವಿಚಾರವಲ್ಲ. ಮಿರಜ ತಾಲೂಕಿನ ನಮ್ಮ ಹಳ್ಳಿಗಳಲ್ಲಿ ಲಿಂಗಾಯತರು, ಜೈನರು, ಕುರುಬರು, ಮರಾಠರು, ಮುಸಲ್ಮಾನರು, ದಲಿತರು ಒಂದೇ ಬಾವಿಯ ನೆರೆಯವರಾಗಿ ಬಾಳಿದವರು. ಕೃಷ್ಣೆಯ ಈ ಸೀಮೆಯಲ್ಲಿ ಉಳುಮೆಯಿಂದಲೇ ಬದುಕುವ ಜೈನ ಮನೆತನಗಳು ಅನೇಕ. ಒಂದು ಮನೆಯಲ್ಲಿ ಪರ್ಯುಷಣದ ಉಪವಾಸ ನಡೆದಿರುವಾಗ ಹಿಂದಿನ ಓಣಿಯಲ್ಲಿ ಜಾತ್ರೆಯ ಹರಕೆಗೆ ಕುರಿ ಕಟ್ಟಿರುತ್ತದೆ. ‘ನೀವು ಏನು ತಿನ್ನುತ್ತೀರಿ’ ಎಂಬ ಪ್ರಶ್ನೆ ಮದುವೆಯ ಪಂಕ್ತಿಯಲ್ಲಿ, ಶಾಲೆಯ ಬುತ್ತಿಯ ಹೊತ್ತಿನಲ್ಲಿ, ಪೇಟೆಯಲ್ಲಿ ಬಾಡಿಗೆ ಮನೆ ಕೇಳುವಾಗ ತಪ್ಪದೆ ಎದುರಾಗುತ್ತದೆ. ಕೇಳುವ ದನಿಯಲ್ಲಿಯೇ ತೀರ್ಪು ಅಡಗಿರುತ್ತದೆ. ಹೀಗಾಗಿ ಎಂಟುನೂರು ವರ್ಷಗಳ ಹಿಂದಿನ ಒಂದು ಕಾವ್ಯವನ್ನು ನಮ್ಮ ಊಟದ ವಾದದ ಪಕ್ಕದಲ್ಲಿಟ್ಟು ನೋಡುವುದು ಅಪ್ರಸ್ತುತವಾಗಲಾರದು.

ಹೊಯ್ಸಳ ವೀರಬಲ್ಲಾಳನ ಆಸ್ಥಾನದಲ್ಲಿ ‘ಕವಿಚಕ್ರವರ್ತಿ’ ಎನಿಸಿದ ಜನ್ನನು ಈ ಕಾವ್ಯವನ್ನು 1209ರಲ್ಲಿ ಮುಗಿಸಿದನು. ನಾಲ್ಕು ಅವತಾರಗಳು, ಮುನ್ನೂರಕ್ಕೆ ಮಿಕ್ಕ ಪದ್ಯಗಳು, ಬಹುಪಾಲು ಕಂದ. ಕಥೆ ಜೈನ ಪರಂಪರೆಯಲ್ಲಿ ಮೊದಲೇ ಇದ್ದುದು. ಸೋಮದೇವನ ‘ಯಶಸ್ತಿಲಕ ಚಂಪೂ’ 959ರಷ್ಟು ಹಿಂದಿನದು. ವಾದಿರಾಜನ ಸಂಸ್ಕೃತ ಕಾವ್ಯವನ್ನು ಅನುಸರಿಸಿಯೂ ಜನ್ನನು ಅದನ್ನು ತನ್ನದಾಗಿಸಿಕೊಂಡನು. ಕಥೆಯನ್ನು ಮರೆತವರಿಗಾಗಿ ಸಂಕ್ಷೇಪವಾಗಿ ಹೇಳುತ್ತೇವೆ. ಉಜ್ಜಯಿನಿಯ ಅರಸ ಯಶೋಧರನ ರಾಣಿ ಅಮೃತಮತಿ, ಮಾವುತನಾದ ಅಷ್ಟಾವಂಕನ ಹಾಡಿಗೆ ಮನಸೋತು ಅವನನ್ನು ಕೂಡುತ್ತಾಳೆ. ಅರಸನು ಅದನ್ನು ಕಣ್ಣಾರೆ ಕಂಡು, ಎತ್ತಿದ ಕತ್ತಿಯನ್ನು ತಡೆದುಕೊಂಡು ಹಿಂದಿರುಗುತ್ತಾನೆ. ಬಾಡಿದ ಮುಖವನ್ನು ಕಂಡು ಕೇಳಿದ ತಾಯಿ ಚಂದ್ರಮತಿಗೆ ಕೆಟ್ಟ ಕನಸು ಕಂಡೆನೆಂದು ಹೇಳುತ್ತಾನೆ. ತಾಯಿ, ಕನಸಿನ ಶಾಂತಿಗೆ ದೇವಿಗೆ ಬಲಿ ಕೊಡು ಎನ್ನುತ್ತಾಳೆ. ಮಗ ಒಪ್ಪುವುದಿಲ್ಲ. ಕೊನೆಗೆ ಜೀವವಿಲ್ಲದ ಹಿಟ್ಟಿನ ಕೋಳಿಯನ್ನಾದರೂ ಕೊಡು ಎಂಬ ಒಪ್ಪಂದಕ್ಕೆ ಬರುತ್ತಾರೆ. ಅರಸನು ಕಡಿದಾಗ ಆ ಹಿಟ್ಟಿನ ಕೋಳಿ ಕೂಗುತ್ತದೆ.

ಇಲ್ಲಿ ನಾವು ಗಮನಿಸಬೇಕಾದ ಮೊದಲ ಸಂಗತಿ, ಈ ತಾಯಿಮಕ್ಕಳ ವಾದದಲ್ಲಿ ಕೋಳಿಗೆ ಸಂಬಂಧವೇ ಇಲ್ಲ ಎಂಬುದು. ಮಗನಿಗೆ ಹೆಂಡತಿಯ ನಡತೆಯನ್ನು ಮುಚ್ಚಿಡಬೇಕಾಗಿದೆ. ತಾಯಿಗೆ ಮಗನ ಪ್ರಾಣ ಉಳಿಯಬೇಕಾಗಿದೆ, ಹಿರಿಯರ ನಡಾವಳಿ ನಡೆಯಬೇಕಾಗಿದೆ. ಒಬ್ಬರ ಸುಳ್ಳು, ಇನ್ನೊಬ್ಬರ ಭಯ, ಇವೆರಡರ ನಡುವೆ ಕೋಳಿ ಬಂದು ಸಿಕ್ಕಿಕೊಳ್ಳುತ್ತದೆ. ನಮ್ಮ ಊಟದ ವಾದಗಳೂ ಹೆಚ್ಚಾಗಿ ಹೀಗೆಯೇ ನಡೆಯುತ್ತವೆ. ಬಾಯಲ್ಲಿ ಬರುವುದು ಪ್ರಾಣಿಯ ಮಾತು. ಒಳಗೆ ನಡೆದಿರುವುದು ಜಾತಿಯ, ಮನೆತನದ, ಮೇಲುಕೀಳಿನ ಲೆಕ್ಕ. ಕುರಿಯ ಮೇಲಿನ ಕರುಣೆಗಿಂತ ಕುರಿ ತಿನ್ನುವವನ ಮೇಲಿನ ತಾತ್ಸಾರ ದೊಡ್ಡದಾದರೆ, ಅಂಥ ವಾದ ಗೆದ್ದರೂ ಕುರಿಗೆ ಬರುವ ಲಾಭವೇನೂ ಇಲ್ಲ.

ಎರಡನೆಯದು ಆ ಹಿಟ್ಟಿನ ಕೋಳಿ. ಜೀವವಿರುವಂತೆಯೇ ತೋರುವ ಆ ಕೋಳಿಯೊಳಗೆ ಒಂದು ಬೆಂತರ ಸೇರಿಕೊಂಡಿತೆಂದು ಕವಿ ಹೇಳುತ್ತಾನೆ. ಕೈ ಶುದ್ಧವಾಗಿ ಉಳಿದರೂ ಮನಸ್ಸಿನಲ್ಲಿ ಕೊಲೆ ನಡೆದುಹೋಯಿತು ಎಂಬುದು ಇದರ ಅರ್ಥ. ಇಲ್ಲಿ ನಾವು ಕವಿಯೊಡನೆ ಪೂರ್ಣವಾಗಿ ಒಪ್ಪಲಾರೆವು. ಇಂದು ಎಷ್ಟೋ ಗುಡಿಗಳಲ್ಲಿ ಕುರಿಯ ಬದಲು ಬೂದುಗುಂಬಳಕ್ಕೆ ಕುಂಕುಮ ಹಚ್ಚಿ ಒಡೆಯುತ್ತಾರೆ. ಕರ್ನಾಟಕದಲ್ಲಿ ಪ್ರಾಣಿಬಲಿ ನಿಷೇಧದ ಕಾಯದೆ 1959ರಿಂದ ಇದೆ. ಅದರ ಮರುವರ್ಷ, 1960ರಲ್ಲಿ, ರುಕ್ಮಿಣೀದೇವಿ ಅರುಂಡೇಲ್ ಅವರ ಪ್ರಯತ್ನದ ಫಲವಾಗಿ ದೇಶಕ್ಕೆಲ್ಲ ಪ್ರಾಣಿಹಿಂಸೆ ತಡೆಯುವ ಕಾಯದೆ ಬಂದಿತು. ಆದರೆ ಧರ್ಮದ ವಿಧಿಯಂತೆ ಕೊಲ್ಲುವುದಕ್ಕೆ ಅದರ 28ನೆಯ ಕಲಮು ವಿನಾಯಿತಿ ನೀಡಿದೆ. ಕಾಯದೆ ನಿಂತಲ್ಲಿ ಕುಂಬಳಕಾಯಿ ಮುಂದೆ ಬಂದಿದ್ದರೆ, ಕುರಿಯ ಕಡೆಯಿಂದ ನೋಡಿದಾಗ ಅದು ಸಣ್ಣ ಮಾತಲ್ಲ. ಹಿಟ್ಟಿನ ಕೋಳಿಗೂ ಜೀವದ ಕೋಳಿಗೂ ಅಂತರವಿಲ್ಲವೆಂದರೆ ಜೀವದ ಕೋಳಿಗೇ ಅನ್ಯಾಯವಾದೀತು. ಆದರೆ ಮನುಷ್ಯನ ಕಡೆಯಿಂದ ನೋಡಿದಾಗ ಜನ್ನನ ಎಚ್ಚರಿಕೆ ನಿಲ್ಲುತ್ತದೆ. ಕೈಯ ಶುದ್ಧಿಯನ್ನು ಮನದ ಶುದ್ಧಿಯೆಂದು ತಿಳಿಯಬೇಡ ಎಂಬುದು ಆ ಎಚ್ಚರಿಕೆ.

ಗಿರೀಶ ಕಾರ್ನಾಡರು ಈ ಕಥೆಯನ್ನೇ ತೆಗೆದುಕೊಂಡು ‘ಹಿಟ್ಟಿನ ಹುಂಜ’ ನಾಟಕ ಬರೆದರು. ಅದರಲ್ಲಿ ರಾಣಿ ಜೈನ ಮನೆತನದವಳು, ಅವಳಿಗಾಗಿ ಅರಸನೂ ಜೈನನಾದವನು, ಅತ್ತೆ ಮಾತ್ರ ಬಲಿಯ ಆಚಾರವನ್ನು ಬಿಟ್ಟವಳಲ್ಲ. ಹೀಗೆ ಎರಡು ಆಚಾರಗಳು ಒಂದೇ ಮನೆಯೊಳಗೆ ಮುಖಾಮುಖಿಯಾಗುತ್ತವೆ. ಮಿರಜ, ಸಾಂಗಲಿಯ ಎಷ್ಟೋ ಮನೆಗಳಲ್ಲಿ ಅಂತರ್ಜಾತೀಯ ವಿವಾಹಗಳಾದ ಮೇಲೆ ಅಡಿಗೆಮನೆಯಲ್ಲಿ ಎದ್ದ ತೊಡಕು ಇದೇ ಬಗೆಯದು. ಜನ್ನನು ರಾಣಿಯನ್ನು ಕಠೋರವಾಗಿ ದಂಡಿಸಿದ್ದಾನೆ; ಅವಳ ಮನಸ್ಸನ್ನು ಕೇಳುವ ತಾಳ್ಮೆ ಅವನಿಗಿಲ್ಲ. ಎಲ್ಲ ಜೀವಿಗಳಿಗೂ ದಯೆ ಬೇಡುವ ಕಾವ್ಯದಲ್ಲಿ ಒಬ್ಬ ಹೆಂಗಸಿಗೆ ದಯೆ ದೊರೆಯದಿರುವುದು ದೋಷವೆಂದೇ ನಮ್ಮ ಅಭಿಪ್ರಾಯ. ಕಾರ್ನಾಡರು ರಾಣಿಗೆ ಮಾತು ಕೊಟ್ಟು ಆ ಕೊರತೆಯನ್ನು ತುಂಬಿದ್ದಾರೆ.

ಇಷ್ಟಾದರೂ ಜನ್ನನ ಕಾವ್ಯ ನಾಟಕಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗುವುದು ಅದರ ಉತ್ತರಾರ್ಧದಲ್ಲಿ. ವಿಷಪ್ರಾಶನದಿಂದ ಸತ್ತ ತಾಯಿಮಕ್ಕಳು ನವಿಲು, ನಾಯಿ, ಮೀನು, ಮೊಸಳೆ, ಆಡು, ಕೋಣಗಳಾಗಿ, ಕೊನೆಗೆ ನಿಜವಾದ ಕೋಳಿಗಳಾಗಿಯೇ ಹುಟ್ಟಿ ಸಾಯುತ್ತಾರೆ. ಒಮ್ಮೆ ನಾಯಿಯಾದ ತಾಯಿ ನವಿಲಾದ ಮಗನನ್ನು ಕೊಲ್ಲುತ್ತಾಳೆ. ತಂದೆಯ ಜೀವ ಮಗನ ಅರಮನೆಯ ಅಡಿಗೆಗೇ ಒದಗುತ್ತದೆ. ತರಗತಿಯಲ್ಲಿ ನಾವು ಇದನ್ನು ಕರ್ಮಫಲವೆಂದು ವಿವರಿಸಿ ಮುಗಿಸುತ್ತಿದ್ದೆವು. ಹಿಟ್ಟಿನ ಕೋಳಿಯೊಂದಕ್ಕೆ ಇಷ್ಟು ಜನ್ಮಗಳ ದಂಡವೇ ಎಂದು ಜಾಣ ಹುಡುಗರು ಕೇಳುತ್ತಿದ್ದರು, ನಮ್ಮಲ್ಲಿ ಉತ್ತರವಿರಲಿಲ್ಲ. ಇಂದು ಹೀಗೆ ತೋರುತ್ತದೆ: ವಾದದಲ್ಲಿ ಮರೆಯಾಗಿದ್ದ ಪ್ರಾಣಿಯನ್ನು ಕವಿ ಈ ಭಾಗದಲ್ಲಿ ಮತ್ತೆ ನಡುಮನೆಗೆ ತಂದು ನಿಲ್ಲಿಸುತ್ತಾನೆ. ಕೊಂದವನನ್ನೇ ಆ ಚರ್ಮದೊಳಗೆ, ಆ ಗರಿಗಳೊಳಗೆ ಇಟ್ಟು, ಬಾಣ ನಾಟಿದಾಗ ಹೇಗಾಗುತ್ತದೆಂದು ತಿಳಿಸುತ್ತಾನೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇವೆ. ಈ ಕಥೆಯನ್ನು ಹೇಳುವವನು ಯಾರು, ಕೇಳುವವನು ಯಾರು? ರಾಜಪುರದ ಅರಸ ಮಾರಿದತ್ತ ಚಂಡಮಾರಿಯ ಗುಡಿಯಲ್ಲಿ ನರಬಲಿಗೆ ಕತ್ತಿ ಹಿಡಿದು ನಿಂತಿದ್ದಾನೆ. ಭಿಕ್ಷೆಗೆ ಹೊರಟಿದ್ದ ಎಳೆಯ ಅಣ್ಣತಂಗಿ, ಅಭಯರುಚಿ ಮತ್ತು ಅಭಯಮತಿ, ಬಲಿಗಾಗಿ ಅಲ್ಲಿಗೆ ತರಲ್ಪಟ್ಟಿದ್ದಾರೆ. ಅಭಯರುಚಿ ಆ ಅರಸನಿಗೆ ‘ನೀನು ಪಾಪಿ’ ಎಂದು ಹೇಳಿ ಮುಗಿಸಬಹುದಾಗಿತ್ತು. ಹಾಗೆ ಮಾಡದೆ ತನ್ನ ಕಥೆ ಹೇಳುತ್ತಾನೆ. ಹಿಂದೆ ನಾನೇ ಯಶೋಧರ, ಹಿಟ್ಟಿನ ಕೋಳಿಯನ್ನು ಕಡಿದವನು ನಾನೇ, ಮುಂದೆ ಕಡಿಸಿಕೊಂಡವನೂ ನಾನೇ ಎಂದು ತಿಳಿಸುತ್ತಾನೆ. ಅಹಿಂಸೆಯ ವಾದ ತನ್ನ ತಪ್ಪಿನಿಂದ ಆರಂಭವಾಗುತ್ತದೆ. ಮಾರಿದತ್ತನ ಕತ್ತಿ ಇಳಿದದ್ದು, ಅವನು ಬಲಿಯನ್ನು ಬಿಟ್ಟು ದೀಕ್ಷೆ ಹಿಡಿದದ್ದು ಈ ಒಪ್ಪಿಗೆಯ ಬಲದಿಂದ. ನಾವು ಮೂವತ್ತು ವರ್ಷ ಕಾಣದೆ ಹೋದ ಅರ್ಧ ಇದೇ.

ಕಾಣದೆ ಹೋದುದಕ್ಕೆ ನಾವು ಕೊಟ್ಟ ಬೆಲೆಯನ್ನೂ ಇಲ್ಲಿ ಹೇಳಬೇಕು. ನಮ್ಮ ಮನೆಯಲ್ಲಿ ತಲೆಮಾರುಗಳಿಂದ ಮಾಂಸವಿಲ್ಲ. ಸುಮಾರು ಮೂವತ್ತು ವರ್ಷಗಳ ಹಿಂದೆ, ನಾವು ಪಾಠ ಹೇಳುತ್ತಿದ್ದ ಶಾಲೆಯಲ್ಲಿ ಒಬ್ಬ ಕುರಿಗಾರರ ಹುಡುಗ ಬುತ್ತಿಗೆ ಒಣಮೀನಿನ ಪಲ್ಯ ತಂದಿದ್ದ. ಮಕ್ಕಳು ಮೂಗು ಮುಚ್ಚಿ ಸರಿದು ಕುಳಿತರು. ಅವರನ್ನು ತಿದ್ದಬೇಕಾದ ನಾವು ಆ ಹುಡುಗನನ್ನೇ ಹೊರಗೆ ಕಟ್ಟೆಯ ಮೇಲೆ ಕೂರಿಸಿದೆವು. ಆ ಮಧ್ಯಾಹ್ನವೇ ತರಗತಿಯಲ್ಲಿ ಯಶೋಧರನ ಕಥೆ ಹೇಳಿದೆವು, ಅವನ ಕಡೆಗೆ ನೋಡುತ್ತ. ಎರಡು ದಿನ ಹುಡುಗ ಶಾಲೆಗೆ ಬರಲಿಲ್ಲ. ಮೂರನೆಯ ದಿನ ಅವನ ತಂದೆ ಕಂಬಳಿ ಹೊದ್ದು ಬಂದು ಬಾಗಿಲಲ್ಲಿ ನಿಂತ. ಜಗಳವಾಡಲಿಲ್ಲ. “ಸರ, ಹ್ವಾದ ವರ್ಷ ನಿಮ್ಮ ಎಮ್ಮಿ ಈದಿತ್ತಲ್ಲರಿ, ಗಂಡು ಕರ. ಅದು ಎಲ್ಲಿ ಹೋತ್ರಿ?” ಎಂದು ಕೇಳಿದ.

ಎಲ್ಲಿ ಹೋಯಿತೆಂದು ಅವನಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು. ಗಂಡು ಕರು ಹೈನಿಗೆ ಉಪಯೋಗವಿಲ್ಲ. ಅದರ ಪಾಲಿನ ಹಾಲು ಮನೆಗೂ ಡೇರಿಗೂ ಹೋಗಿತ್ತು; ಒಂದೂವರೆ ತಿಂಗಳಲ್ಲಿ ಅದು ಸೊರಗಿ ಸತ್ತಿತ್ತು. ಎಮ್ಮೆ ಹಾಲು ತೊರೆಯಲೆಂದು ಅದರ ಚರ್ಮದಲ್ಲಿ ಹುಲ್ಲು ತುಂಬಿಸಿ ಎದುರಿಗೆ ನಿಲ್ಲಿಸಿದ್ದೆವು. ತಾಯಿ ಅದನ್ನು ನೆಕ್ಕುತ್ತಿತ್ತು, ನಾವು ಕರೆಯುತ್ತಿದ್ದೆವು. ಕತ್ತಿ ಎತ್ತಿರಲಿಲ್ಲ, ರಕ್ತ ಸುರಿದಿರಲಿಲ್ಲ, ಪಂಕ್ತಿಯಲ್ಲಿ ನಮ್ಮ ಎಲೆ ಶುದ್ಧವಾಗಿತ್ತು. ಹಿಟ್ಟಿನ ಕೋಳಿಯ ಪಾಠ ಹೇಳುತ್ತಿದ್ದವರ ಹಟ್ಟಿಯಲ್ಲಿ ಹುಲ್ಲಿನ ಕರು ನಿಂತಿತ್ತು. ಆ ಕುರಿಗಾರನಾದರೋ ತನ್ನ ಮಂದೆಯ ಪ್ರತಿಯೊಂದು ಕುರಿಯನ್ನೂ ಗುರುತಿನಿಂದ ಬಲ್ಲವನು. ಬರಗಾಲದಲ್ಲಿ ಮೇವು ಹುಡುಕುತ್ತ ಅವುಗಳ ಜೊತೆ ಊರೂರು ತಿರುಗಿದವನು. ಅವನಿಗೆ ನಾವು ಉತ್ತರ ಕೊಡಲಿಲ್ಲ. ಮರುದಿನ ಹುಡುಗನನ್ನು ಎಲ್ಲರ ನಡುವೆ ನಮ್ಮ ಪಕ್ಕದಲ್ಲಿ ಕೂರಿಸಿಕೊಂಡು ಊಟ ಮಾಡಿದೆವು. ಅದರಿಂದ ತಪ್ಪು ತೀರಿತೆಂದು ತಿಳಿದಿಲ್ಲ.

ಈ ಮಾತಿನಿಂದ ಮಾಂಸಾಹಾರವೂ ಸರಿ, ಸಸ್ಯಾಹಾರವೂ ಸರಿ, ಚರ್ಚೆಯೇ ಬೇಡ ಎಂಬ ಅರ್ಥ ತೆಗೆಯಬಾರದು. ಪ್ರಾಣಿಗೆ ನೋವಿದೆ, ಬದುಕುವ ಆಸೆ ಇದೆ. ಕೊಲ್ಲದೆ ಊಟ ನಡೆಯುವಂತಿದ್ದರೆ ಕೊಲ್ಲದಿರುವುದೇ ಮೇಲು ಎಂಬ ನಮ್ಮ ನಂಬಿಕೆ ಇಂದಿಗೂ ಅಚಲವಾಗಿದೆ. ಬಲಿಗೆ ತಂದು ನಿಲ್ಲಿಸಿದ ಕುರಿ ಏನೂ ಅರಿಯದೆ ಹಬ್ಬದ ಅಲಂಕಾರದ ಎಲೆಯನ್ನೇ ಹಸಿವಿಗೆ ತಿನ್ನುವುದನ್ನು ಬಸವಣ್ಣನವರು ಒಂದು ವಚನದಲ್ಲಿ ಕಂಡಿದ್ದಾರೆ. ಅಲ್ಲಿ ಮೊದಲು ಕಣ್ಣಿಗೆ ಬೀಳುವುದು ಕುರಿಯ ಹಸಿವು. ‘ಗೋವಿನ ಹಾಡಿ’ನಲ್ಲಿ ಮಾತು ತಪ್ಪದ ಹಸುವಿನೆದುರು ಕರಗುವುದು ಮಾಂಸ ತಿಂದೇ ಬದುಕುವ ಹುಲಿಯ ಮನಸ್ಸು. ಮಾಂಸ ತಿನ್ನುವವನಿಗೆ ಅಂತಃಕರಣವಿಲ್ಲವೆಂದು ಆ ಜನಪದ ಕವಿ ಭಾವಿಸಲಿಲ್ಲ. ಅವನ ಅಂತಃಕರಣವನ್ನು ನಂಬಿಯೇ ಹಾಡು ಕಟ್ಟಿದನು.

2021ರ ಡಿಸೆಂಬರಿನಲ್ಲಿ ನೆರೆಯ ವಿಜಯಪುರವೂ ಸೇರಿದಂತೆ ಕರ್ನಾಟಕದ ಕೆಲವು ಜಿಲ್ಲೆಗಳ ಶಾಲೆಗಳಲ್ಲಿ ಬಿಸಿಯೂಟದ ಜೊತೆ ಮೊಟ್ಟೆ, ಒಲ್ಲದ ಮಕ್ಕಳಿಗೆ ಬಾಳೆಹಣ್ಣು ಕೊಡುವ ಕ್ರಮ ಆರಂಭವಾಯಿತು. ಅದರ ಸುತ್ತ ಎದ್ದ ಗದ್ದಲವನ್ನು ಪತ್ರಿಕೆಗಳಲ್ಲಿ ಓದುವಾಗ ನಮಗೆ ಆ ಕಟ್ಟೆಯ ಮೇಲೆ ಒಂಟಿಯಾಗಿ ಕುಳಿತ ಹುಡುಗನೇ ನೆನಪಾದ. ದೊಡ್ಡವರ ಆ ವಾದದಲ್ಲಿ ಹಸಿದ ಮಗುವಿನ ಮಾತು ಕಡಿಮೆಯಿತ್ತು, ಪಂಜರದ ಕೋಳಿಯ ಮಾತಂತೂ ಇರಲೇ ಇಲ್ಲ. ಇಬ್ಬರನ್ನೂ ನೆನೆದು ಮಾತನಾಡುವವರು ಬೇಕು.

ಸಂಘದ ಬಂಧುಗಳಲ್ಲಿ, ವಿಶೇಷವಾಗಿ ಶಿಕ್ಷಕರಲ್ಲಿ ನಮ್ಮ ವಿನಂತಿ ಇಷ್ಟೇ. ‘ಯಶೋಧರ ಚರಿತೆ’ಯನ್ನು ಮಕ್ಕಳಿಗೆ ಹೇಳಿರಿ. ಅದನ್ನು ಅಭಯರುಚಿಯ ಸ್ಥಾನದಲ್ಲಿ ನಿಂತು ಹೇಳಿರಿ. ಇನ್ನೊಬ್ಬರ ಬುತ್ತಿಯನ್ನು ನೋಡುವ ಮುನ್ನ ನಮ್ಮ ಹಟ್ಟಿಯನ್ನು ಒಮ್ಮೆ ನೋಡಿ ಬರೋಣ. ನಮ್ಮ ಮನೆಯಲ್ಲಿ ಈಗ ಎಮ್ಮೆ ಈದರೆ ಗಂಡು ಕರುವಿಗೂ ಎರಡು ಮೊಲೆಯ ಹಾಲು ಬಿಡುತ್ತೇವೆ. ಡೇರಿಯ ಲೆಕ್ಕದಲ್ಲಿ ಅದು ನಷ್ಟವೇ. ಹುಲ್ಲಿನ ಕರುವನ್ನು ಮತ್ತೆ ನಿಲ್ಲಿಸಿಲ್ಲ.