ಕೂಟದ ಮಾತು, ಚಿತ್ರದ ರೀತಿ: ದೀಪಾ ಧನರಾಜ್ ಅವರ ಸಾಕ್ಷ್ಯಚಿತ್ರಗಳು

ಕನ್ನಡ ಚಲನಚಿತ್ರದ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ 1934ರ ‘ಸತಿ ಸುಲೋಚನ’ದಿಂದ ಹೊರಡುತ್ತಾರೆ. 1970ರ ‘ಸಂಸ್ಕಾರ’ದಲ್ಲಿ ಒಂದು ತಿರುವನ್ನು ಗುರುತಿಸಿ, ಅಲ್ಲಿಂದ ಮುಂದಕ್ಕೆ ಹೊಸ ಅಲೆಯ ಏರಿಳಿತಗಳನ್ನು ವಿವರಿಸುತ್ತಾರೆ. ಈ ಚರಿತ್ರೆ ಎರಡು ನಿಬಂಧನೆಗಳನ್ನು ಹೇಳದೆಯೇ ಒಪ್ಪಿಕೊಂಡಿದೆ: ಚಿತ್ರವು ಕಥಾಚಿತ್ರವಾಗಿರಬೇಕು, ಅದರ ಮಾತು ಕನ್ನಡವಾಗಿರಬೇಕು. ಈ ಎರಡೂ ನಿಬಂಧನೆಗಳ ಹೊರಗೆ ಉಳಿದ ಚಿತ್ರಕಾರರಿಗೆ ನಮ್ಮ ಗ್ರಂಥಗಳಲ್ಲಿ ಅಧ್ಯಾಯವಿರಲಿ, ಅಡಿಟಿಪ್ಪಣಿಯೂ ದೊರೆಯುವುದಿಲ್ಲ. ಬೆಂಗಳೂರನ್ನು ನೆಲೆಯಾಗಿಸಿಕೊಂಡು 1980ರಿಂದ ನಾಲ್ಕು ದಶಕಗಳ ಕಾಲ ಸ್ವತಂತ್ರವಾಗಿ ಸಾಕ್ಷ್ಯಚಿತ್ರಗಳನ್ನು ನಿರ್ಮಿಸಿದ ದೀಪಾ ಧನರಾಜ್ ಅವರು ಇಂಥವರಲ್ಲಿ ಪ್ರಮುಖರು. ಅವರ ಚಿತ್ರಗಳು ಮರಾಠಿ, ತೆಲುಗು, ಹಿಂದಿ, ತಮಿಳು, ಇಂಗ್ಲಿಷ್‌ಗಳಲ್ಲಿ ಮಾತಾಡುತ್ತವೆ. ಕನ್ನಡದ ಮಾತನ್ನೇ ಶೀರ್ಷಿಕೆಯಾಗಿ ಉಳ್ಳದ್ದೂ ಒಂದಿದೆ: 1995ರ ‘ಇಟ್ಟ ಹೆಜ್ಜೆ ಮುಂದಕ್ಕ, ತೆಗಿಯಬೇಡಿರಿ ಹಿಂದಕ್ಕ’. ಆದರೆ ಆ ಹೆಜ್ಜೆಯ ಜಾಡನ್ನು ಹಿಡಿದು ಹೋದ ವಿಮರ್ಶೆ ಕನ್ನಡದಲ್ಲಿ ಬೆಳೆಯಲಿಲ್ಲ.

ದೀಪಾ ಧನರಾಜ್ ಅವರ ಚಿತ್ರಗಳನ್ನು ಅವುಗಳ ವಸ್ತುವಿನ ದೃಷ್ಟಿಯಿಂದ ವರ್ಗೀಕರಿಸುವುದು ಸುಲಭ: ದುಡಿಮೆ, ಕೋಮುಗಲಭೆ, ಕುಟುಂಬ ಯೋಜನೆ, ನ್ಯಾಯ, ಜಾತಿ. ಆದರೆ ಇಂಥ ಪಟ್ಟಿಯಿಂದ ಅವರ ಸಾಧನೆಯ ಸ್ವರೂಪ ತಿಳಿಯುವುದಿಲ್ಲ. ವಸ್ತು ಬದಲಾದರೂ ಅವರ ಚಿತ್ರಗಳಲ್ಲಿ ಒಂದು ಸನ್ನಿವೇಶ ಮತ್ತೆ ಮತ್ತೆ ಮರಳುತ್ತದೆ. ಹೆಂಗಸರು ಒಂದೆಡೆ ಕೂಡಿ ಕುಳಿತಿರುತ್ತಾರೆ. ಒಬ್ಬಳು ತನ್ನ ಬದುಕಿನ ಮಾತನ್ನು ಎತ್ತುತ್ತಾಳೆ. ಇನ್ನೊಬ್ಬಳು ಅದಕ್ಕೆ ತನ್ನದನ್ನು ಸೇರಿಸುತ್ತಾಳೆ. ಕೊನೆಗೆ ಅದು ಒಬ್ಬಳ ದುಃಖವಾಗಿ ಉಳಿಯದೆ ಎಲ್ಲರ ತಿಳಿವಳಿಕೆಯಾಗುತ್ತದೆ. ಈ ‘ಕೂಟ’ವೇ ಅವರ ಚಿತ್ರಗಳ ರೂಪವನ್ನು ನಿರ್ಣಯಿಸಿದೆ ಎಂಬುದು ಈ ಲೇಖನದ ಪ್ರತಿಪಾದನೆ. ಕೂಟವನ್ನು ಚಿತ್ರಿಸುವುದು ಒಂದು ಕೆಲಸ, ಕೂಟದಿಂದಲೇ ಚಿತ್ರವನ್ನು ರೂಪಿಸುವುದು ಇನ್ನೊಂದು. ಅವರ ವೃತ್ತಿಜೀವನವನ್ನು ಈ ಎರಡರ ನಡುವಿನ ಎಳೆದಾಟವಾಗಿ ಓದಬಹುದು.

ಯುಗಾಂತರ: ಸಮೂಹವೇ ಕರ್ತೃ

ಭಾರತದಲ್ಲಿ ಸಾಕ್ಷ್ಯಚಿತ್ರವೆಂದರೆ ಬಹುಕಾಲ 1948ರಲ್ಲಿ ಸ್ಥಾಪನೆಯಾದ ಫಿಲ್ಮ್ಸ್ ಡಿವಿಷನ್ನಿನ ಚಿತ್ರವೆಂದೇ ಅರ್ಥವಿತ್ತು. ಚಿತ್ರಮಂದಿರಗಳಲ್ಲಿ ಮುಖ್ಯ ಚಿತ್ರಕ್ಕೆ ಮುನ್ನ ಕಡ್ಡಾಯವಾಗಿ ತೋರಿಸಲಾಗುತ್ತಿದ್ದ ಆ ಕಿರುಚಿತ್ರಗಳಲ್ಲಿ ಜನರು ಕಾಣಿಸುತ್ತಿದ್ದರು, ಆದರೆ ಮಾತಾಡುತ್ತಿದ್ದುದು ಬಹುಪಾಲು ಕಾಣದ ಗಂಡುಧ್ವನಿ. ತುರ್ತುಪರಿಸ್ಥಿತಿಯ ಅನುಭವದ ನಂತರ ಈ ಸರ್ಕಾರಿ ಧ್ವನಿಯನ್ನು ನಂಬದ ಹೊಸ ಚಿತ್ರಕಾರರ ಪೀಳಿಗೆಯೊಂದು ಬಂದಿತು. ಅದೇ ಅವಧಿಯಲ್ಲಿ ದೇಶದ ಹಲವೆಡೆ ಮಹಿಳಾ ಸಂಘಟನೆಗಳೂ ಹುಟ್ಟಿಕೊಂಡವು. 1980ರಲ್ಲಿ ದೀಪಾ ಧನರಾಜ್, ಆಭಾ ಭೈಯಾ, ಮೀರಾ ರಾವ್ ಮತ್ತು ಛಾಯಾಗ್ರಾಹಕ ನವರೋಜ್ ಕಾಂಟ್ರಾಕ್ಟರ್ ಅವರು ಕೂಡಿ ಕಟ್ಟಿದ ‘ಯುಗಾಂತರ’ವು ಈ ಎರಡು ಧಾರೆಗಳ ಸಂಗಮ. ಅದನ್ನು ಭಾರತದ ಮೊದಲ ಸ್ತ್ರೀವಾದಿ ಚಿತ್ರಸಮೂಹವೆಂದು ಗುರುತಿಸಲಾಗಿದೆ. ಮಣಿ ಕೌಲ್ ಅವರ ‘ದುವಿಧಾ’ವನ್ನು (1973) ಚಿತ್ರೀಕರಿಸಿದ್ದ ನವರೋಜ್ ಅವರ ಕ್ಯಾಮೆರಾ ಇಲ್ಲಿ ಬೇರೆಯೇ ಶಿಸ್ತಿಗೆ ಒಳಪಟ್ಟಿತು. 2023ರಲ್ಲಿ ಅವರು ನಿಧನರಾಗುವವರೆಗೂ ದೀಪಾ ಅವರೊಡನೆ ಅವರ ಒಡನಾಟ ಮುಂದುವರಿಯಿತು.

ಯುಗಾಂತರವು 1981ರಿಂದ 1983ರವರೆಗೆ ನಾಲ್ಕು ಚಿತ್ರಗಳನ್ನು ನಿರ್ಮಿಸಿತು. ‘ಮೋಲ್ಕರೀಣ್’ (1981) ಪುಣೆಯ ಮನೆಗೆಲಸದ ಹೆಂಗಸರು ಸಂಘಟಿತರಾದುದನ್ನು ಕುರಿತದ್ದು. ‘ತಂಬಾಕೂ ಚಾಕಿಲಾ ಊಬ್ ಆಲಿ’ (1982) ನಿಪ್ಪಾಣಿಯ ತಂಬಾಕು ಕಾರ್ಖಾನೆಗಳ ಮಹಿಳೆಯರನ್ನು ಕುರಿತದ್ದು. ‘ಇದಿ ಕಥಾ ಮಾತ್ರಮೇನಾ’ (1983) ಹೈದರಾಬಾದಿನ ಸ್ತ್ರೀಶಕ್ತಿ ಸಂಘಟನೆಯೊಡನೆ ಸೇರಿ ರೂಪಿಸಿದ, ಗೃಹಹಿಂಸೆಯನ್ನು ವಸ್ತುವಾಗಿ ಉಳ್ಳ ತೆಲುಗು ಕಿರುಚಿತ್ರ. ‘ಸುದೇಶಾ’ (1983) ಹಿಮಾಲಯದ ತಪ್ಪಲಿನ ಚಿಪ್ಕೊ ಚಳವಳಿಯ ಕಾರ್ಯಕರ್ತೆಯೊಬ್ಬರ ಚಿತ್ರಣ.

ಇವುಗಳಲ್ಲಿ ನಿಪ್ಪಾಣಿಯ ಚಿತ್ರ ನಮಗೆ ವಿಶೇಷವಾಗಿ ಮುಖ್ಯವಾದುದು. ಬೆಳಗಾವಿ ಜಿಲ್ಲೆಯ ಈ ಪಟ್ಟಣ 1956ರಲ್ಲಿ ಮುಂಬಯಿ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಸೇರಿತು. ಗಡಿವಿವಾದದ ಹೊರತು ಅದರ ಹೆಸರು ಕರ್ನಾಟಕದ ಸಾರ್ವಜನಿಕ ಚರ್ಚೆಗೆ ಬಂದುದು 1981ರ ತಂಬಾಕು ಬೆಳೆಗಾರರ ಚಳವಳಿಯಿಂದ. ಆ ಚಳವಳಿಯಲ್ಲಿ ಪೊಲೀಸರ ಗುಂಡಿಗೆ ಬಲಿಯಾದ ರೈತರ ನೆನಪು ನಮ್ಮ ರೈತಹೋರಾಟದ ಇತಿಹಾಸದ ಭಾಗವಾಗಿದೆ. ಆದರೆ ರೈತನು ಬೆಳೆದ ಎಲೆ ಕಾರ್ಖಾನೆಗೆ ಹೋದ ಮೇಲೆ ಅದನ್ನು ಕುಟ್ಟಿ, ಜರಡಿ ಹಿಡಿದು, ಅದರ ಧೂಳನ್ನು ದಿನವಿಡೀ ಉಸಿರಾಡುತ್ತಿದ್ದ ಹೆಂಗಸರ ಹೋರಾಟಕ್ಕೆ ಆ ಇತಿಹಾಸದಲ್ಲಿ ಅಷ್ಟು ಜಾಗವಿಲ್ಲ. ಸುಮಾರು 3000 ಮಹಿಳೆಯರು ಸಂಘಟಿತರಾದ ಆ ಪ್ರಸಂಗವನ್ನು 25 ನಿಮಿಷಗಳ ಈ ಚಿತ್ರ ದಾಖಲಿಸಿದೆ. ಚಿತ್ರೀಕರಣಕ್ಕೆ ಮುನ್ನ ತಂಡವು ಕಾರ್ಮಿಕರೊಡನೆ ಸುಮಾರು ನಾಲ್ಕು ತಿಂಗಳು ಕಳೆಯಿತು. ಏನನ್ನು ತೋರಿಸಬೇಕು, ಹೇಗೆ ಹೇಳಬೇಕು ಎಂಬುದು ಆ ಒಡನಾಟದಲ್ಲಿ ತೀರ್ಮಾನವಾಯಿತು. ಆದುದರಿಂದಲೇ ಇಲ್ಲಿ ಹೊರಗಿನ ತಜ್ಞರ ವಿವರಣೆಯಲ್ಲ, ದುಡಿಯುವ ಹೆಂಗಸರ ಮಾತೇ ಚಿತ್ರವನ್ನು ನಡೆಸುತ್ತದೆ. ಕಾರ್ಖಾನೆಯೊಳಗಿನ ಧೂಳಿನ ದೃಶ್ಯಗಳು ಕನಿಕರವನ್ನು ಬೇಡುವುದಿಲ್ಲ. ಅವು ಬೇಡಿಕೆಪಟ್ಟಿಗೆ ಪುರಾವೆಗಳಾಗಿ ಬರುತ್ತವೆ.

ಯುಗಾಂತರದ ವಿಧಾನದ ಇನ್ನೊಂದು ಮುಖ ‘ಇದಿ ಕಥಾ ಮಾತ್ರಮೇನಾ’ದಲ್ಲಿ ಕಾಣುತ್ತದೆ. ಕಾರ್ಖಾನೆಯನ್ನು ಚಿತ್ರೀಕರಿಸಬಹುದು, ಮುಚ್ಚಿದ ಬಾಗಿಲ ಹಿಂದಿನ ಹೊಡೆತವನ್ನು ಚಿತ್ರೀಕರಿಸುವುದು ಹೇಗೆ? ಸಂಘಟನೆಯ ಸದಸ್ಯೆಯರು ತಮ್ಮ ಅನುಭವಗಳನ್ನು ಚರ್ಚಿಸಿ, ಅವುಗಳಿಂದ ಒಂದು ಕಥೆ ಕಟ್ಟಿ, ಅಭಿನಯದ ಮೂಲಕ ಬೆಳೆಸಿದರು. ಸಾಕ್ಷ್ಯ ಮತ್ತು ಕಲ್ಪನೆಗಳ ನಡುವಣ ಗಡಿಯನ್ನು ಹೀಗೆ ದಾಟಿದುದು ರೂಪದ ಪ್ರಯೋಗದ ಆಸೆಯಿಂದಲ್ಲ, ಅಗತ್ಯದಿಂದ. ಶೀರ್ಷಿಕೆಯೇ ಕೇಳುವ ಪ್ರಶ್ನೆ, ಇದು ಬರಿಯ ಕಥೆಯೇ ಎಂಬುದು, ನೋಡುಗರನ್ನು ಕೂಟದೊಳಕ್ಕೆ ಎಳೆದು ಕೂರಿಸುತ್ತದೆ. ಮಹಿಳಾ ಗುಂಪುಗಳ, ಕಾರ್ಮಿಕರ ನಡುವೆ ತೋರಿಸಿ ಚರ್ಚಿಸಲೆಂದೇ ಈ ಚಿತ್ರಗಳನ್ನು ಮಾಡಲಾಗಿತ್ತು. ಪ್ರದರ್ಶನ ಮುಗಿದ ಬಳಿಕ ನಡೆಯುವ ಮಾತು ಚಿತ್ರದ ಮುಂದುವರಿಕೆಯಾಗಿತ್ತು.

ಇಲ್ಲಿ ಒಂದು ಆಕ್ಷೇಪವನ್ನು ಎತ್ತಲೇಬೇಕು. ಕೂಟ ಎಂಬುದು ತಾನಾಗಿ ನೆರೆಯುವುದಿಲ್ಲ. ಅದನ್ನು ಯಾರೋ ಕರೆದಿರುತ್ತಾರೆ. ನಗರದ ವಿದ್ಯಾವಂತ ಚಿತ್ರಕಾರರಿಗೂ ತಂಬಾಕಿನ ಧೂಳಿನಲ್ಲಿ ದುಡಿಯುವವರಿಗೂ ನಡುವೆ ಇದ್ದ ಅಂತರ ನಾಲ್ಕು ತಿಂಗಳ ಸಹವಾಸದಿಂದ ಅಳಿಯುವಂಥದಲ್ಲ. ಸಂಘಟನೆಗೆ ನೆರವಾಗುವ ಉದ್ದೇಶದ ಈ ಕಿರುಚಿತ್ರಗಳಲ್ಲಿ ಸಮೂಹದ ಒಗ್ಗಟ್ಟು ಎದ್ದು ಕಾಣುವಷ್ಟು ಅದರೊಳಗಿನ ಭಿನ್ನಮತ ಕಾಣುವುದಿಲ್ಲ. ಈ ಮಿತಿ ನಿಜ. ಆದರೆ ಅದನ್ನು ಅಳೆಯಲು ಬೇಕಾದ ಮಾನದಂಡವನ್ನು, ಅಂದರೆ ಚಿತ್ರದೊಳಗೆ ಯಾರ ಮಾತಿಗೆ ಅಧಿಕಾರವಿದೆ ಎಂಬ ಪ್ರಶ್ನೆಯನ್ನು, ಹುಟ್ಟುಹಾಕಿದ್ದೂ ಇದೇ ಚಿತ್ರಗಳು.

ಗಲಭೆಯ ನಗರ, ಗುರಿಯಾದ ದೇಹ

‘ಕ್ಯಾ ಹುವಾ ಇಸ್ ಶಹರ್ ಕೋ’ (1986) ಹೈದರಾಬಾದಿನ 1984ರ ಕೋಮುಗಲಭೆಗಳನ್ನು ಕುರಿತದ್ದು. ಆ ವರ್ಷದ ಆಗಸ್ಟಿನಲ್ಲಿ ಎನ್.ಟಿ. ರಾಮರಾವ್ ಅವರ ಸರ್ಕಾರ ವಜಾಗೊಂಡು ಸೆಪ್ಟೆಂಬರಿನಲ್ಲಿ ಮರಳಿ ಬಂದಿತು. ಈ ನಡುವೆ ಹಳೆಯ ನಗರ ಗಲಭೆಗೆ, ಕರ್ಫ್ಯೂಗೆ ಸಿಲುಕಿತು. ‘ಹೈದರಾಬಾದ್ ಏಕ್ತಾ’ ಸಂಘಟನೆಯ ಸಹಯೋಗದಲ್ಲಿ ತಯಾರಾದ ಈ ಚಿತ್ರವು ಮೆರವಣಿಗೆ, ನಾಯಕರ ಭಾಷಣ ಮತ್ತು ದಿನಗೂಲಿಯವರ ಖಾಲಿ ಒಲೆಗಳನ್ನು ಒಂದರ ಪಕ್ಕದಲ್ಲೊಂದು ಇಡುತ್ತದೆ. ಗಲಭೆಯನ್ನು ಜನರ ಸಹಜ ದ್ವೇಷದ ಸ್ಫೋಟವೆಂದು ಒಪ್ಪದೆ, ಅಧಿಕಾರ ರಾಜಕಾರಣದ ಉತ್ಪನ್ನವೆಂದು ವಿಶ್ಲೇಷಿಸಿದ ಆರಂಭದ ಸಾಕ್ಷ್ಯಚಿತ್ರಗಳಲ್ಲಿ ಇದು ಒಂದು. ಆನಂದ ಪಟವರ್ಧನರ ‘ರಾಮ್ ಕೆ ನಾಮ್’ ಬರುವುದು ಇದಾದ ಐದಾರು ವರ್ಷಗಳ ನಂತರ ಎಂಬುದನ್ನು ಚರಿತ್ರೆಕಾರರು ನೆನಪಿಡಬೇಕು. ಯುಗಾಂತರದ ಚಿತ್ರಗಳಿಗೆ ಹೋಲಿಸಿದರೆ ಇಲ್ಲಿ ವಿಶ್ಲೇಷಣೆಯ ದನಿ ಪ್ರಬಲವಾಗಿದೆ. ಕೂಟವೇ ಒಡೆದುಹೋಗಿರುವ ನಗರದಲ್ಲಿ ಕೂಟದ ಮಾತನ್ನು ಎಲ್ಲಿ ಹುಡುಕಬೇಕು? ಈ ಬದಲಾವಣೆಯನ್ನು ವಿಧಾನದ ಸೋಲೆನ್ನುವುದಕ್ಕಿಂತ ವಸ್ತುವಿನ ಒತ್ತಡವೆಂದು ತಿಳಿಯುವುದು ಸರಿಯಾದೀತು.

‘ಸಮ್‌ಥಿಂಗ್ ಲೈಕ್ ಎ ವಾರ್’ (1991) ಅವರ ಚಿತ್ರಗಳಲ್ಲಿ ಅತ್ಯಂತ ಹೆಚ್ಚು ಚರ್ಚೆಗೊಳಗಾದದ್ದು. ಭಾರತ 1952ರಲ್ಲಿ ಆರಂಭಿಸಿದ ಕುಟುಂಬ ಯೋಜನಾ ಕಾರ್ಯಕ್ರಮವು ಹೇಗೆ ಬಡ ಹೆಂಗಸರ ದೇಹದ ಮೇಲಿನ ದಂಡಯಾತ್ರೆಯಾಯಿತು ಎಂಬುದು ಇದರ ವಸ್ತು. ಸಂತಾನಹರಣ ಶಿಬಿರದಲ್ಲಿ ವೈದ್ಯನೊಬ್ಬ ತನ್ನ ಕೈಚಳಕದ ವೇಗವನ್ನೂ ಮುಗಿಸಿದ ಶಸ್ತ್ರಚಿಕಿತ್ಸೆಗಳ ಸಂಖ್ಯೆಯನ್ನೂ ಹೆಮ್ಮೆಯಿಂದ ಹೇಳಿಕೊಳ್ಳುತ್ತಾನೆ. ಆತನ ಮುಂದೆ ಹೆಂಗಸರು ಸಾಲಾಗಿ ಮಲಗುತ್ತಾರೆ, ಏಳುತ್ತಾರೆ. ಗುರಿ, ಪ್ರೋತ್ಸಾಹಧನ, ನಾರ್‌ಪ್ಲಾಂಟ್‌ನಂಥ ಗರ್ಭನಿರೋಧಕಗಳ ಪ್ರಯೋಗ — ಎಲ್ಲದರ ಲೆಕ್ಕ ಇಲ್ಲಿದೆ. ಇದಕ್ಕೆ ಎದುರಾಗಿ ಚಿತ್ರ ಒಂದು ಕೂಟವನ್ನು ಇಡುತ್ತದೆ. ಹಳ್ಳಿಗಾಡಿನ ಹೆಂಗಸರು ಒಟ್ಟಿಗೆ ಕುಳಿತು ಮುಟ್ಟು, ಹೆರಿಗೆ, ಬಯಕೆ, ಗಂಡುಮಗುವಿನ ಒತ್ತಾಯಗಳನ್ನು ಕುರಿತು ಮುಜುಗರವಿಲ್ಲದೆ, ನಗುನಗುತ್ತಲೇ ಮಾತಾಡುತ್ತಾರೆ.

ಶಿಬಿರದ ದೃಶ್ಯಗಳ ಬಗ್ಗೆ ನೈತಿಕ ಪ್ರಶ್ನೆಯೊಂದು ಏಳುತ್ತದೆ. ಪ್ರತಿಭಟಿಸಲಾಗದ ಸ್ಥಿತಿಯಲ್ಲಿ ಮಲಗಿರುವ ಹೆಣ್ಣನ್ನು ನೋಡುವ ಕ್ಯಾಮೆರಾ ಆ ವೈದ್ಯನ ನೋಟದಲ್ಲಿ ಪಾಲುದಾರನಲ್ಲವೇ? ಆ ದೃಶ್ಯಗಳನ್ನು ಮಾತ್ರ ಬೇರ್ಪಡಿಸಿ ನೋಡಿದರೆ ಹೌದೆನ್ನಬೇಕಾದೀತು. ಆದರೆ ಸಂಕಲನವು ನಮ್ಮನ್ನು ಶಿಬಿರದಿಂದ ಕೂಟಕ್ಕೆ, ಕೂಟದಿಂದ ಶಿಬಿರಕ್ಕೆ ಮತ್ತೆ ಮತ್ತೆ ಕರೆದೊಯ್ಯುತ್ತದೆ. ಅಲ್ಲಿ ಅಂಕಿಯಾಗಿದ್ದ ದೇಹ ಇಲ್ಲಿ ತನ್ನನ್ನು ತಾನು ಬಲ್ಲ ವ್ಯಕ್ತಿಯಾಗಿ ಮಾತಾಡುತ್ತದೆ. ಆ ಮಾತನ್ನು ಕೇಳಿದ ಮೇಲೆ ಶಿಬಿರವನ್ನು ಮೊದಲಿನಂತೆ ನೋಡಲು ಸಾಧ್ಯವಾಗುವುದಿಲ್ಲ. ಚಿತ್ರದ ವಾದ ನಿರೂಪಣೆಯಲ್ಲಿ ಇರುವುದಕ್ಕಿಂತ ಹೆಚ್ಚಾಗಿ ಈ ಜೋಡಣೆಯಲ್ಲಿದೆ.

ಬ್ರಿಟನ್ನಿನ ಚಾನೆಲ್ 4ರ ಹಣದಿಂದ ತಯಾರಾದ ಚಿತ್ರವಿದು ಎಂಬ ಕಾರಣಕ್ಕೆ ಇದರ ಸ್ವಾತಂತ್ರ್ಯವನ್ನು ಶಂಕಿಸಬಹುದು. ವಿದೇಶೀ ಪ್ರೇಕ್ಷಕನಿಗೆ ವಿವರಿಸಿ ಹೇಳುವ ಧಾಟಿ ಅಲ್ಲಲ್ಲಿ ಇರುವುದೂ ನಿಜ. ಆದರೆ ಸರ್ಕಾರಿ ನೆರವಿನಿಂದ ಇಂಥ ಚಿತ್ರ ಸಾಧ್ಯವಿರಲಿಲ್ಲ ಎಂಬುದೂ ಅಷ್ಟೇ ನಿಜ. 2014ರ ನವೆಂಬರಿನಲ್ಲಿ ಛತ್ತೀಸಗಢದ ಬಿಲಾಸಪುರ ಜಿಲ್ಲೆಯ ಶಿಬಿರವೊಂದರಲ್ಲಿ ಒಂದೇ ದಿನ 83 ಮಹಿಳೆಯರಿಗೆ ಶಸ್ತ್ರಚಿಕಿತ್ಸೆ ನಡೆದು ಹಲವರು ಸಾವಿಗೀಡಾದರು. ಮೂರು ವರ್ಷಗಳೊಳಗೆ ಇಂಥ ಶಿಬಿರಗಳನ್ನು ಕೊನೆಗಾಣಿಸಬೇಕೆಂದು ಸುಪ್ರೀಂ ಕೋರ್ಟು ನಿರ್ದೇಶಿಸಿದ್ದು 2016ರಲ್ಲಿ. ಚಿತ್ರ ಎತ್ತಿದ ಪ್ರಶ್ನೆ ನ್ಯಾಯಾಲಯದ ತೀರ್ಪಾಗಲು 25 ವರ್ಷಗಳು ಹಿಡಿದವು.

ಕೂಟವೇ ನ್ಯಾಯಪೀಠವಾದಾಗ

ಮುಂದಿನ ಹಂತದ ಚಿತ್ರಗಳಲ್ಲಿ ಕೂಟದ ಸ್ವರೂಪ ಬದಲಾಗುತ್ತದೆ. ಯುಗಾಂತರದ ಕಾಲದಲ್ಲಿ ಹೆಂಗಸರು ಬೇಡಿಕೆ ಮಂಡಿಸಲು ಕೂಡುತ್ತಿದ್ದರು; ಈಗ ಅವರು ತೀರ್ಪು ಕೊಡಲು ಕೂಡುತ್ತಾರೆ. ‘ನಾರಿ ಅದಾಲತ್’ (2000) ಗುಜರಾತಿನ ಗ್ರಾಮೀಣ ಮಹಿಳೆಯರು ನಡೆಸುವ ನ್ಯಾಯಪಂಚಾಯಿತಿಗಳನ್ನು ಕುರಿತದ್ದು. ‘ಇನ್ವೋಕಿಂಗ್ ಜಸ್ಟಿಸ್’ (2011) ತಮಿಳುನಾಡಿನ ಮುಸ್ಲಿಂ ಮಹಿಳಾ ಜಮಾತ್ ಅನ್ನು ಕುರಿತದ್ದು. ಪುರುಷರಷ್ಟೇ ಕುಳಿತು ಮಹಿಳೆಯರ ಗೈರುಹಾಜರಿಯಲ್ಲಿ ತಲಾಖು, ವರದಕ್ಷಿಣೆಗಳ ವ್ಯಾಜ್ಯಗಳನ್ನು ತೀರ್ಮಾನಿಸುತ್ತಿದ್ದ ವ್ಯವಸ್ಥೆಗೆ ಎದುರಾಗಿ ಷರೀಫಾ ಖಾನಂ ಅವರ ಮುಂದಾಳುತನದಲ್ಲಿ ಪುದುಕ್ಕೋಟ್ಟೈಯಲ್ಲಿ ನೆಲೆಗೊಂಡ ಸಂಸ್ಥೆಯಿದು. ಮುಸ್ಲಿಂ ಮಹಿಳೆಯೆಂದರೆ ರಕ್ಷಿಸಬೇಕಾದ ಮೂಕ ಜೀವ ಎಂಬ ಭಾವನೆಯನ್ನು ಈ ಚಿತ್ರ ಒಂದೂ ಘೋಷಣೆಯಿಲ್ಲದೆ ಅಳಿಸುತ್ತದೆ. ಸದಸ್ಯೆಯರು ಕಡತ ಹಿಡಿದು ಪೊಲೀಸ್ ಠಾಣೆಗೆ ಹೋಗುತ್ತಾರೆ, ವಾದಿಸುತ್ತಾರೆ, ಧರ್ಮಗ್ರಂಥದ ಅರ್ಥವನ್ನು ತಾವೂ ಹೇಳುತ್ತಾರೆ. ಹಿಂದಿನ ಚಿತ್ರಗಳಲ್ಲಿ ಕಾಣದಿದ್ದ ಒಳಗಿನ ತಿಕ್ಕಾಟ ಇಲ್ಲಿ ಕಾಣುತ್ತದೆ, ಏಕೆಂದರೆ ವ್ಯಾಜ್ಯ ಕೇಳುವ ಕೂಟಕ್ಕೆ ಎರಡೂ ಪಕ್ಷಗಳ ಮಾತು ಬೇಕೇ ಬೇಕು. ಮೂರು ದಶಕಗಳ ಹಿಂದೆ ಎತ್ತಿದ್ದ ಆಕ್ಷೇಪಕ್ಕೆ ಚಿತ್ರಕಾರರು ಕೊಟ್ಟ ಉತ್ತರವೆಂದು ಇದನ್ನು ತಿಳಿಯಬಹುದು. ನಾಗರಿಕ ಹಕ್ಕುಗಳ ವಕೀಲ ಕೆ.ಜಿ. ಕಣ್ಣಬಿರಾನ್ ಅವರನ್ನು ಕುರಿತ ‘ದಿ ಅಡ್ವೊಕೇಟ್’ (2007) ಸಹ ನ್ಯಾಯದ ಇದೇ ಶೋಧನೆಯ ಭಾಗ.

‘ವಿ ಹ್ಯಾವ್ ನಾಟ್ ಕಮ್ ಹಿಯರ್ ಟು ಡೈ’ (2018) ಈ ವಿಧಾನಕ್ಕೆ ಒದಗಿದ ಅತ್ಯಂತ ಕಠಿಣ ಪರೀಕ್ಷೆ. 2016ರ ಜನವರಿ 17ರಂದು ಹೈದರಾಬಾದ್ ವಿಶ್ವವಿದ್ಯಾಲಯದ ದಲಿತ ಸಂಶೋಧನಾರ್ಥಿ ರೋಹಿತ್ ವೇಮುಲ ಅವರು ಪ್ರಾಣ ಕಳೆದುಕೊಂಡರು. ಕೂಟದ ಕೇಂದ್ರದಲ್ಲಿ ಇರಬೇಕಾದವನೇ ಇಲ್ಲದಿರುವಾಗ ಚಿತ್ರ ಯಾರ ಮಾತನ್ನು ಆಲಿಸಬೇಕು? ದೀಪಾ ಧನರಾಜ್ ಅವರು ಜೀವನಚರಿತ್ರೆಯ ದಾರಿಯನ್ನು ಹಿಡಿಯಲಿಲ್ಲ. ಗೆಳೆಯರು, ಹೋರಾಟಕ್ಕಿಳಿದ ವಿದ್ಯಾರ್ಥಿಗಳು, ತಾಯಿ ರಾಧಿಕಾ ವೇಮುಲ — ಇವರ ಮಾತುಗಳ ಮೂಲಕ ಒಂದು ಸಾವು ಒಂದು ಪೀಳಿಗೆಯ ರಾಜಕೀಯ ಅರಿವಾದುದನ್ನು ಚಿತ್ರ ಹಿಂಬಾಲಿಸುತ್ತದೆ. ಸಾಯಲು ಬಂದವರಲ್ಲ ಎನ್ನುವ ಶೀರ್ಷಿಕೆ ಬಹುವಚನದಲ್ಲಿದೆ ಎಂಬುದು ಗಮನಾರ್ಹ.

ಉಪಸಂಹಾರ

ದೀಪಾ ಧನರಾಜ್ ಅವರ ಸ್ವಾತಂತ್ರ್ಯವು ಒಂಟಿ ಕಲಾವಿದೆಯ ಸ್ವಾತಂತ್ರ್ಯವಲ್ಲ. ಸರ್ಕಾರದಿಂದ, ಚಿತ್ರೋದ್ಯಮದಿಂದ ದೂರವಿದ್ದರೂ ಅವರು ಸದಾ ಯಾವುದೋ ಸಂಘಟನೆಯ, ಚಳವಳಿಯ, ನೆರೆದ ಜನರ ಹಂಗಿನಲ್ಲೇ ಕೆಲಸ ಮಾಡಿದರು. ಆ ಹಂಗನ್ನು ಅವರು ಮಿತಿಯೆಂದು ತಿಳಿಯದೆ ರೂಪವನ್ನಾಗಿ ಮಾಡಿಕೊಂಡದ್ದೇ ಅವರ ಸಾಧನೆ.

ಈ ಸಾಧನೆಯ ಬಗ್ಗೆ ನಮ್ಮ ಹೊಣೆ ಏನು? ಯುಗಾಂತರದ ಚಿತ್ರಗಳನ್ನೂ ‘ಕ್ಯಾ ಹುವಾ ಇಸ್ ಶಹರ್ ಕೋ’ವನ್ನೂ ಸಂರಕ್ಷಿಸಿ ಡಿಜಿಟಲ್ ರೂಪಕ್ಕೆ ತಂದುದು ಬರ್ಲಿನ್ನಿನ ಆರ್ಸೆನಾಲ್ ಸಂಸ್ಥೆ. ನಿಪ್ಪಾಣಿಯ ತಂಬಾಕಿನ ಧೂಳು ಜರ್ಮನಿಯ ಪತ್ರಾಗಾರದಲ್ಲಿ ಭದ್ರವಾಗಿದೆ ಎಂಬುದು ಸಮಾಧಾನದ ಸಂಗತಿ. ಸಂಕೋಚದ ಸಂಗತಿಯೂ ಹೌದು. ನಿಪ್ಪಾಣಿಯ ಹೆಂಗಸರು ಮರಾಠಿಯಲ್ಲಿ ಮಾತಾಡಿದರು ಎಂಬ ಕಾರಣಕ್ಕೆ ಅವರ ಚಿತ್ರ ಕರ್ನಾಟಕದ ಚಲನಚಿತ್ರ ಚರಿತ್ರೆಯ ಹೊರಗೆ ಉಳಿಯಬೇಕಿಲ್ಲ. ಭಾಷೆಯ ಚರಿತ್ರೆಯ ಜೊತೆಗೆ ನೆಲದ ಮತ್ತು ದುಡಿಮೆಯ ಚರಿತ್ರೆಯನ್ನೂ ಬರೆಯಬೇಕಾದ ಹೊತ್ತು ಇದು. ಈ ಚಿತ್ರಗಳಿಗೆ ಕನ್ನಡ ಅಡಿಬರಹಗಳನ್ನು ಸಿದ್ಧಪಡಿಸುವುದು, ನಮ್ಮ ವಿಶ್ವವಿದ್ಯಾಲಯಗಳ ಗ್ರಂಥಾಲಯಗಳಲ್ಲಿ ಪ್ರತಿಗಳನ್ನು ಇರಿಸುವುದು, ನಿಪ್ಪಾಣಿಯಲ್ಲಿಯೇ ಅದನ್ನು ಮತ್ತೆ ತೋರಿಸಿ ಅಲ್ಲಿನ ಹಿರಿಯ ಕಾರ್ಮಿಕ ಮಹಿಳೆಯರ ನೆನಪುಗಳನ್ನು ದಾಖಲಿಸುವುದು — ಇವು ಸಂಶೋಧಕರು ತಡಮಾಡದೆ ಕೈಗೊಳ್ಳಬೇಕಾದ ಕೆಲಸಗಳು. 1982ರಲ್ಲಿ ಇಪ್ಪತ್ತರ ಹರೆಯದಲ್ಲಿದ್ದವರು ಈಗ ಅರವತ್ತನ್ನು ದಾಟಿದ್ದಾರೆ. ಆ ಕೂಟ ಮತ್ತೊಮ್ಮೆ ನೆರೆಯಬೇಕಾದರೆ ಉಳಿದಿರುವ ಕಾಲ ಹೆಚ್ಚಿಲ್ಲ.