ಮುಳ್ಳು ಮತ್ತು ಸ್ಪೀಕರಿನ ನಡುವೆ

ಹರಪನಹಳ್ಳಿ, ಕೊಟ್ಟೂರು ಸೀಮೆಯ ಜಾತ್ರೆ-ಮದುವೆಗಳಲ್ಲಿ ಮೈಕ್ ಸೆಟ್‌ನವರು ಗ್ರಾಮಫೋನ್ ತಟ್ಟೆ ಹಾಕುತ್ತಿದ್ದ ಕಾಲಕ್ಕೆ ಫೋನೋ ಪ್ರಿಆಂಪಿನ ಗೊಡವೆಯೇ ಇರಲಿಲ್ಲ. ಮುಳ್ಳು ಕೂರುವ ಸೆರಾಮಿಕ್ ಕಾರ್ಟ್ರಿಡ್ಜಿನ ಕರೆಂಟು ಆಂಪ್ಲಿಫೈಯರ್‌ಗೆ ನೇರ ಸಾಲುತ್ತಿತ್ತು. ಈಗಿನ ಮೂವಿಂಗ್ ಮ್ಯಾಗ್ನೆಟ್ ಕಾರ್ಟ್ರಿಡ್ಜ್ ಕೊಡುವುದು ಸುಮಾರು 5 ಮಿಲಿವೋಲ್ಟ್ ಅಷ್ಟೆ. ಅದನ್ನು ನೂರು ಪಟ್ಟು ಹಿಗ್ಗಿಸಬೇಕು. ಜೊತೆಗೆ, ತಟ್ಟೆ ಕೊರೆಯುವಾಗ ತಗ್ಗಿಸಿದ ಮಂದ್ರವನ್ನು ಎತ್ತಿ, ಏರಿಸಿದ ತಾರವನ್ನು ಇಳಿಸಬೇಕು. ಪ್ರಿಆಂಪ್ ಎಂಬ ಅಂಗೈಯಗಲದ ಡಬ್ಬಿ ಸದ್ದಿಲ್ಲದೆ ಇಷ್ಟು ಮಾಡುತ್ತದಲ್ಲ, ಭೇಷ್!

ಈ ಏರಿಳಿತಕ್ಕೆ ಆರ್‌ಐಎಎ ಎಂಬ ಒಂದೇ ಅಳತೆ ಬಂದದ್ದು 1954ರಲ್ಲಿ. ಗಂಗೂಬಾಯಿ ಹಾನಗಲ್ಲರು ‘ಗಾಂಧಾರಿ’ ಹೆಸರಲ್ಲಿ ಎಚ್‌ಎಂವಿಗೆ ಹಾಡಿದ್ದು ಅದಕ್ಕೂ ಮೊದಲು, 1930ರ ದಶಕದಲ್ಲಿ. ನಿಮಿಷಕ್ಕೆ 78 ಸುತ್ತು ತಿರುಗುವ ಆ ತಟ್ಟೆಯನ್ನು ಆರ್‌ಐಎಎಯಲ್ಲೇ ನುಡಿಸಿದರೆ ಕೊರಳು ಕಂಬಳಿ ಹೊದ್ದಂತೆ ಮಂಕು. ಅಟ್ಟದಲ್ಲಿ ಅಂಥ ತಟ್ಟೆಗಳಿದ್ದರೆ ಅಳತೆ ಬದಲಿಸುವ ಗುಂಡಿಯೂ ಮೋನೋ ಸ್ವಿಚ್ಚೂ ಇರುವ ಪ್ರಿಆಂಪನ್ನೇ ಕೊಳ್ಳಿ. ಮೋನೋಗೆ ಹಾಕಿದ ಕೂಡಲೇ ಚರಚರ ಹಿಂದೆ ಸರಿದು ಹಾಡು ಮುಂದೆ ಬರುತ್ತದೆ. (78ಕ್ಕೆ ಮುಳ್ಳೂ ದಪ್ಪನೆಯದು ಬೇಕು, ಎಲ್‌ಪಿಯದು ಸಲ್ಲ.) ಬರೀ ಎಲ್‌ಪಿ ಕೇಳುವವರಿಗೆ ಇಷ್ಟೆಲ್ಲ ಖರ್ಚು ದಂಡ.

ಗುಂಯ್‌ಗುಡುತ್ತಿದ್ದರೆ ಡಬ್ಬಿಯನ್ನು ಬಯ್ಯುವ ಮೊದಲು ಹಿಂದಿನ ಅರ್ಥ್ ತಿರುಪು ಬಿಗಿ ಮಾಡಿ, ಅಡಾಪ್ಟರನ್ನು ಒಂದಡಿ ಆಚೆ ಸರಿಸಿ.