ವ್ಯಾಯಾಮದ ಹಾಳೆ ಮತ್ತು ಮಲೆನಾಡಿನ ಮನೆ

ಅಡಿಕೆ ಮರದಿಂದ ಬಿದ್ದೋ, ತಿರುವಿನಲ್ಲಿ ಬೈಕ್ ಜಾರಿಯೋ ತಲೆಗೆ ಪೆಟ್ಟಾದವರನ್ನು ಸಾಗರದ ಕಡೆಯವರು ಶಿವಮೊಗ್ಗಕ್ಕೆ ಒಯ್ಯುತ್ತಾರೆ. ಹೊಸನಗರ, ತೀರ್ಥಹಳ್ಳಿಯ ಎಷ್ಟೋ ಮಂದಿ ಹುಲಿಕಲ್ ಅಥವಾ ಆಗುಂಬೆ ಘಾಟಿ ಇಳಿದು ಮಣಿಪಾಲ ಸೇರುತ್ತಾರೆ. ಜೀವ ಉಳಿದು ಊರಿಗೆ ಮರಳುವಾಗ ಮಾತ್ರೆ ಚೀಟಿಯ ಜೊತೆಗೊಂದು ವ್ಯಾಯಾಮದ ಹಾಳೆ ಬರುತ್ತದೆ: ಕೈ ಹತ್ತು ಸಲ ಎತ್ತಿ, ಚೆಂಡು ಹಿಸುಕಿ, ದಿನಾ ಅರ್ಧ ಗಂಟೆ ನಡೆಯಿರಿ. ಎಷ್ಟೋ ಮನೆಗಳಲ್ಲಿ ಅದು ಬೇಗನೆ ಮೂಲೆ ಸೇರುತ್ತದೆ. ಹಾಗೇಕೆ ಆಗುತ್ತದೆಂದು ಕೇಳದೆ ರೋಗಿಯನ್ನು ದೂರುವುದು ನಮಗೆ ರೂಢಿಯಾಗಿದೆ.

ಹಾಳೆಯ ಗುಣವನ್ನು ಮೊದಲು ಒಪ್ಪಬೇಕು. ಮಾಡಿದ್ದನ್ನೇ ಮತ್ತೆ ಮತ್ತೆ ಮಾಡಿದಾಗ ಮೆದುಳಿನ ಉಳಿದ ಭಾಗಗಳು ಕಳೆದುಹೋದ ಚಲನೆಯನ್ನು ಹೊಸದಾಗಿ ಕಲಿಯಬಲ್ಲವು. ಹತ್ತು ಸಲ ಎಂಬ ಲೆಕ್ಕದ ಹಿಂದೆ ಈ ತಿಳಿವಳಿಕೆ ಇದೆ. ಆದರೆ ಹಾಳೆಯನ್ನು ಬರೆದಿರುವುದು ತಾನಾಗಿ ಎದ್ದು ಶುರುಮಾಡಬಲ್ಲ ಮನುಷ್ಯನಿಗೆ. ಮೆದುಳಿನ ಮುಂಭಾಗಕ್ಕೆ ಪೆಟ್ಟಾದಾಗ ಎಷ್ಟೋ ಸಲ ಕೆಡುವುದು ಆ ಶುರುಮಾಡುವ ಶಕ್ತಿಯೇ. ಅಂಥ ರೋಗಿಗೆ ಹೇಳಿದ್ದು ಅರ್ಥವಾಗುತ್ತದೆ, ಕಾಲಿನಲ್ಲಿ ಬಲವೂ ಇರಬಹುದು, ಆದರೂ ಏಳಲಾಗುವುದಿಲ್ಲ. ಅದರ ಮೇಲೆ ಬೇಗ ಕವಿಯುವ ಆಯಾಸ ಬೇರೆ. 'ಮನಸ್ಸು ಗಟ್ಟಿ ಮಾಡ್ಕೋ ಮಾರಾಯ' ಎನ್ನುವ ನೆಂಟರು ಅವನಲ್ಲಿ ಸದ್ಯಕ್ಕೆ ಇಲ್ಲದ್ದನ್ನೇ ಕೇಳುತ್ತಿರುತ್ತಾರೆ. ಅದನ್ನು ಸೋಮಾರಿತನ ಎಂದು ಕರೆಯುವುದು ಅನ್ಯಾಯ.

ಹಾಳೆಗೆ ನಮ್ಮ ಸೀಮೆಯೂ ಗೊತ್ತಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹುಲಿಕಲ್, ಆಗುಂಬೆ ಸುತ್ತಿನ ಮಳೆಯಲ್ಲಿ ಪಾಚಿಗಟ್ಟಿದ ಅಂಗಳದಲ್ಲಿ ಗಟ್ಟಿಮುಟ್ಟಾದವರೇ ಜಾರುತ್ತಾರೆ. ಒಂಟಿಮನೆಯವರಿಗೆ ಫಿಸಿಯೋಥೆರಪಿಗೆಂದು ಪೇಟೆಗೆ ಹೋಗಿಬರುವುದೇ ಒಂದು ದಿನದ ಕೆಲಸ. ಆ ನಾಲ್ಕು ತಿಂಗಳು ಜಗುಲಿಯ ಉದ್ದಕ್ಕೆ, ಗೋಡೆ ಹಿಡಿದು, ಯಾರಾದರೂ ಜೊತೆಗಿದ್ದಾಗ ನಡೆಯಿರಿ ಎಂದು ಬರೆದಿದ್ದರೆ ಅದು ಬಳಕೆಗೆ ಬರುತ್ತಿತ್ತು.

ಹಾಳೆಯಲ್ಲಿ ಇಲ್ಲದ್ದು ಮನೆಯಲ್ಲಿದೆ. ಒಣಗಿದ ಅಡಿಕೆಯಲ್ಲಿ ಬೆಟ್ಟೆ, ಗೊರಬಲು ಎಂಬ ದರ್ಜೆಗಳನ್ನು ಬೇರೆ ಮಾಡುವಾಗ ಬೆರಳು, ಕಣ್ಣು, ಗಮನ ಮೂರೂ ದುಡಿಯುತ್ತವೆ. ಕೊಯ್ಲಿನ ಕಾಲದಲ್ಲಿ ಸುಲಿಯಲು ಬಂದವರ ನಡುವೆ ಕುಳಿತವನಿಗೆ ಮಾತು ಸಿಗುತ್ತದೆ, ತನ್ನ ಕೈಯಿಂದ ರಾಶಿ ಬೆಳೆದದ್ದು ಕಾಣುತ್ತದೆ. ಚೆಂಡು ಹಿಸುಕುವುದರಲ್ಲಿ ಈ ಫಲ ಎಲ್ಲಿದೆ? ಕೆಲಸಕ್ಕೆ ಹೊತ್ತಿದೆ, ಕರೆಯುವವರಿದ್ದಾರೆ. ಒಳಗಿನಿಂದ ಹುಟ್ಟದ ಪ್ರೇರಣೆಯನ್ನು ಹೊರಗಿನಿಂದ ಕೊಡುವುದೆಂದರೆ ಇದೇ.

ಹಾಗೆಂದು ಮನೆಕೆಲಸವೇ ಸಾಕು ಎಂಬ ವಾದವನ್ನು ನಾನು ಒಪ್ಪಲಾರೆ. ತಲೆಪೆಟ್ಟಿನ ನಂತರ ಫಿಟ್ಸ್ ಬರುವ ಅಪಾಯ ಇರುವುದರಿಂದ ಅಡಿಕೆ ಸುಲಿಯುವ ಮೆಟ್ಟುಗತ್ತಿ, ಬೆಂಕಿ, ಬಾವಿಕಟ್ಟೆ, ಹಳ್ಳ ದಾಟುವ ಸಂಕ ಇವೆಲ್ಲದರಿಂದ ವೈದ್ಯರು ಹೇಳುವ ತನಕ ದೂರವಿರಬೇಕು. ತಲೆನೋವು, ತಲೆಸುತ್ತು ಹೆಚ್ಚಾದರೆ ಅಲ್ಲಿಗೇ ನಿಲ್ಲಿಸಬೇಕು. ಅದಕ್ಕಿಂತ ದೊಡ್ಡ ತೊಡಕು ನಮ್ಮ ಮನೆಗಳ ನ್ಯಾಯದ್ದು. ಪೆಟ್ಟಾದವನು ಗಂಡಸಾದರೆ ನೀರಿನ ಲೋಟವನ್ನೂ ಕೈಗೇ ಕೊಟ್ಟು ಅವನ ಚಲನೆಯನ್ನು ಕಸಿದುಕೊಳ್ಳುತ್ತೇವೆ. ಹೆಂಗಸಾದರೆ ಎದ್ದು ಕುಳಿತ ವಾರದಲ್ಲೇ ಒಲೆಯ ಮುಂದೆ ನಿಲ್ಲಿಸಿ, ಅದನ್ನೇ ಚೇತರಿಕೆ ಎನ್ನುತ್ತೇವೆ. ಮೊದಲನೆಯವನಿಗೆ ಕೆಲಸ ಬೇಕು, ಎರಡನೆಯವಳಿಗೆ ತನ್ನದೇ ಆದ ಅರ್ಧ ಗಂಟೆ ಬೇಕು. ಆ ಹೊತ್ತಿನಲ್ಲಿ ಹಾಳೆಯ ವ್ಯಾಯಾಮವೇ ಅವಳ ಹಕ್ಕು.

ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಗಸೂಚಿಯಲ್ಲಿ ಅಂಗವಿಕಲ ವಯಸ್ಕರಿಗೂ ವಾರಕ್ಕೆ ಕನಿಷ್ಠ 150 ನಿಮಿಷಗಳ ಮಧ್ಯಮ ತೀವ್ರತೆಯ ಚಟುವಟಿಕೆಯನ್ನು ಸೂಚಿಸಿದೆ. ಏನೂ ಮಾಡದಿರುವುದಕ್ಕಿಂತ ಸ್ವಲ್ಪವಾದರೂ ಮೇಲು ಎಂದೂ ಹೇಳಿದೆ. ಆ ಸ್ವಲ್ಪವನ್ನು ನಿಶ್ಚಯಿಸಲು ರೋಗಿ, ಮನೆಯವರು, ಚಿಕಿತ್ಸಕರು ಕೂತು ಮಾತಾಡಬೇಕು. ಬಿಡುಗಡೆಗೆ ಮುಂಚೆ ಮೂರು ಪ್ರಶ್ನೆ ಕೇಳಲಿ: ನಿಮ್ಮ ಮನೆಯಲ್ಲಿ ಯಾವ ಕೆಲಸ ಇವರಿಗೆ ಇಷ್ಟವಿತ್ತು? ಯಾವ ಹೊತ್ತಿಗೆ ಆಯಾಸ ಕಡಿಮೆ? ದಿನಾ ಕರೆದು ಎಬ್ಬಿಸುವವರು ಯಾರು? ಈ ಉತ್ತರಗಳನ್ನು ಬರೆದುಕೊಂಡ ಹಾಳೆ ಇವತ್ತಿನದಕ್ಕಿಂತ ಹೆಚ್ಚು ಕಾಲ ಬಾಳುತ್ತದೆ. ಇದಕ್ಕೆ ಯಂತ್ರ ಬೇಡ, ದುಡ್ಡು ಬೇಡ. ಇಷ್ಟನ್ನೂ ಕೇಳದೆ ರೋಗಿಯಲ್ಲಿ ಛಲವಿಲ್ಲ ಎಂದು ತೀರ್ಪು ಕೊಡುವ ಅಧಿಕಾರ ಆಸ್ಪತ್ರೆಗೂ ಇಲ್ಲ, ಮನೆಯವರಿಗೂ ಇಲ್ಲ.